ಕಲ್ಲು ಸರಿಸಿದರು, ಹೆಣ ಬಿಟ್ಟರು: ‘ಪೋಲ್ಟರ್‌ಗೈಸ್ಟ್’ ಚಿತ್ರವನ್ನು ಸಾಮಾಜಿಕವಾಗಿ ಓದುವ ಬಗೆ

ದೆವ್ವದ ಸಿನಿಮಾದ ಬಗ್ಗೆ ಬರೆಯಲು ಕೂತವರು ಮೊದಲ ಪುಟದಲ್ಲೇ ದೆವ್ವದ ಬೆನ್ನು ಹತ್ತುವುದು ರೂಢಿ. 1982ರ ‘ಪೋಲ್ಟರ್‌ಗೈಸ್ಟ್’ ವಿಷಯದಲ್ಲಿ ಹಾಗೆ ಮಾಡಿದರೆ ಕೈಗೆ ಸಿಗುವುದು ಒಂದಿಷ್ಟು ಬೆಳಕು, ಒಂದಿಷ್ಟು ಹೊಗೆ, ಅಷ್ಟೇ. ಈ ಚಿತ್ರದ ಜೀವ ಇರುವುದು ಜಾಗದ ವ್ಯವಹಾರದಲ್ಲಿ. ಸೈಟು ಮೊದಲು ಯಾರದಿತ್ತು, ಯಾರು ಮಾರಿದರು, ಮಾರಿದ ಲಾಭ ಯಾರ ಮನೆ ಸೇರಿತು ಎಂದು ಕೇಳುತ್ತ ಹೋಗಿ. ಟಿವಿ, ಮಗು, ಅಮ್ಮ, ಮರ, ಈಜುಕೊಳ ಎಲ್ಲವೂ ಒಂದೊಂದಾಗಿ ತಾವೇ ಬಂದು ಸಾಲಿಗೆ ನಿಲ್ಲುತ್ತವೆ. ಸಿನಿಮಾ ಸಂಘದ ಚರ್ಚೆಗೋ ಕಾಲೇಜಿನ ಪ್ರಬಂಧಕ್ಕೋ ತಯಾರಾಗುವವರಿಗೆ ಆ ಕೆಲಸದ ಕ್ರಮ ಇಲ್ಲಿದೆ. ಕಥೆ ಕೊನೆಯವರೆಗೂ ಬಯಲಾಗುತ್ತದೆ, ನೋಡದವರು ನೋಡಿ ಬನ್ನಿ.

ಕಥೆ ಸಣ್ಣದು. ಕ್ಯಾಲಿಫೋರ್ನಿಯಾದ ಕ್ವೆಸ್ಟಾ ವೆರ್ಡೆ ಎಂಬ ಹೊಸ ಲೇಔಟು. ಆ ಲೇಔಟಿನ ಮನೆಗಳನ್ನು ಮಾರುವವನೇ ಸ್ಟೀವ್ ಫ್ರೀಲಿಂಗ್. ಅಲ್ಲಿಗೆ ಮೊದಲು ಬಂದು ಸಂಸಾರ ಹೂಡಿದ್ದೂ ಅವನದೇ ಕುಟುಂಬ. ಹೆಂಡತಿ ಡಯಾನ್, ಮಕ್ಕಳು ಡೇನಾ, ರಾಬಿ, ಕಿರಿಯಳು ಕ್ಯಾರಲ್ ಆ್ಯನ್. ಟಿವಿಯೊಳಗಿನ ‘ಅವರ’ ಜೊತೆ ಮಾತಾಡುತ್ತಿದ್ದ ಕಿರಿಯಳನ್ನು ಒಂದು ರಾತ್ರಿ ಬಟ್ಟೆಯ ಕಪಾಟು ನುಂಗುತ್ತದೆ. ಮಗುವನ್ನು ಹೊರಗೆ ತರುವ ಹೊತ್ತಿಗೆ ತಿಳಿಯುವುದೇನೆಂದರೆ, ಮನೆ ನಿಂತಿರುವುದು ಸ್ಮಶಾನದ ಮೇಲೆ. ಕಂಪನಿ ಗೋರಿಕಲ್ಲುಗಳನ್ನು ಮಾತ್ರ ಬೇರೆಡೆಗೆ ಸಾಗಿಸಿ, ಹೆಣಗಳನ್ನು ಅಲ್ಲೇ ಬಿಟ್ಟಿತ್ತು.

ಮೂರು ಸಲ ನೋಡಬೇಕು

ಚಿತ್ರದ ಅವಧಿ 114 ನಿಮಿಷ. ಮೂರು ಸಲದ ನೋಟ, ಟಿಪ್ಪಣಿ, ಕರಡು ಎಲ್ಲ ಸೇರಿ ಹತ್ತು ಹನ್ನೆರಡು ಗಂಟೆ ಎತ್ತಿಡಿ, ಅದೂ ಮೂರು ಬೇರೆ ಬೇರೆ ದಿನ. ಒಂದೇ ಕೂರಿಕೆಯಲ್ಲಿ ಎರಡು ಸಲ ನೋಡಿದರೆ ಎರಡನೆಯ ಸಲ ಕಣ್ಣು ನಿದ್ದೆಗೆಳೆಯುತ್ತದೆ.

ಮೊದಲ ಸಲ ಪೆನ್ನು ಹಿಡಿಯಬೇಡಿ. ಹೆದರುವ ಕಡೆ ಹೆದರಿ, ನಗುವ ಕಡೆ ನಗಿ. ಮುಗಿದ ಕೂಡಲೇ ಐದು ನಿಮಿಷ ಕೂತು, ತಲೆಯಲ್ಲಿ ಉಳಿದ ಹತ್ತು ವಸ್ತುಗಳ ಹೆಸರು ಬರೆಯಿರಿ. ಘಟನೆ ಬೇಡ, ವಸ್ತು ಸಾಕು: ರಿಮೋಟು, ಜೋಕರ್ ಗೊಂಬೆ, ಹಗ್ಗ, ಸಿಗಾರ್ ಡಬ್ಬಿ, ಹೀಗೆ. ಬರಹದ ಅಸ್ತಿವಾರ ಈ ಪಟ್ಟಿಯೇ.

ಎರಡನೆಯ ಸಲ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳಿ: ಸಮಯ, ಕಂಡದ್ದು, ಮಾಡಿದವರು ಯಾರು, ದುಡ್ಡು ಅಥವಾ ಜಾಗ ಯಾರದು. ನಾಲ್ಕನೆಯ ಕಾಲಂ ಮೊದಮೊದಲು ಖಾಲಿ ಹೊಡೆಯುತ್ತದೆ, ಬೇಸರಪಡಬೇಡಿ. ಸಮಯ ಬರೆಯುವಾಗ ದೃಶ್ಯವನ್ನೂ ನಾಲ್ಕು ಪದದಲ್ಲಿ ಗುರುತಿಸಿ. ಯುರೋಪಿನ ಹಳೆಯ ಪಾಲ್ (PAL, ಅಲ್ಲಿನ ಟಿವಿ ಪದ್ಧತಿ) ಡಿವಿಡಿಯಲ್ಲಿ ಚಿತ್ರ ಸೆಕೆಂಡಿಗೆ 24ರ ಬದಲು 25 ಫ್ರೇಮಿನಂತೆ ಓಡುತ್ತದೆ, 114 ನಿಮಿಷದ್ದು ಸುಮಾರು 109ಕ್ಕೇ ಮುಗಿಯುತ್ತದೆ. ನಿಮ್ಮ 60ನೇ ನಿಮಿಷ ಇನ್ನೊಬ್ಬರ 60ನೇ ನಿಮಿಷ ಆಗಿರಲೇಬೇಕೆಂದಿಲ್ಲ. ಚರ್ಚೆಯಲ್ಲಿ ಅರ್ಧ ಹೊತ್ತು ‘ಎಲ್ಲಿ, ಎಲ್ಲಿ’ ಎಂದು ಹುಡುಕುವುದರಲ್ಲೇ ಕಳೆಯುವುದು ಇದೇ ಕಾರಣಕ್ಕೆ.

ಮೂರನೆಯ ಸಲ ಧ್ವನಿ ಪೂರ್ತಿ ಬಂದ್ ಮಾಡಿ, ಮೊದಲ ಅರ್ಧ ಗಂಟೆ ಮತ್ತು ಕೊನೆಯ ಅರ್ಧ ಗಂಟೆ ನೋಡಿ. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ಎಲ್ಲಿ ಅಳಬೇಕು, ಎಲ್ಲಿ ಬೆಚ್ಚಬೇಕು ಎಂದು ಹೇಳಿಕೊಡುತ್ತದೆ. ಅದಿಲ್ಲದಾಗ ಮೂಲೆಯಲ್ಲಿರುವವರು ಕಾಣುತ್ತಾರೆ. ಈಜುಕೊಳ ಅಗೆಯಲು ಬಂದ ಕೂಲಿಯವನೊಬ್ಬ ಕಿಟಕಿಯಿಂದ ಕೈ ಹಾಕಿ ಅಡುಗೆಮನೆಯದ್ದನ್ನು ರುಚಿ ನೋಡುತ್ತಾನೆ. ಕೂಲಿಯವರು ಡೇನಾಳನ್ನು ಕೆಣಕಿದಾಗ ಅವಳು ಒರಟು ಸನ್ನೆಯಲ್ಲೇ ತಿರುಗೇಟು ಕೊಡುತ್ತಾಳೆ, ಅಮ್ಮ ನೋಡಿ ನಗುತ್ತಾಳೆ. ಮಾತು ಕೇಳುತ್ತಿದ್ದಾಗ ಇದು ತಮಾಷೆ. ಮೌನದಲ್ಲಿ ನೋಡಿದರೆ ಆ ಮನೆಗೆ ಕೂಲಿಯವರು ಎಂದರೆ ಏನು ಎಂಬುದಕ್ಕೆ ಇದೇ ಸಾಕ್ಷಿ.

‘ಸಾಮಾನ್ಯ’ ಎಂದರೆ ಏನೆಂದು ಮೊದಲು ಬರೆಯಿರಿ

ವಿಮರ್ಶಕ ರಾಬಿನ್ ವುಡ್ 1979ರಲ್ಲಿ ಹಾರರ್ ಚಿತ್ರಗಳಿಗೆ ಒಂದು ಸರಳ ಸೂತ್ರ ಕೊಟ್ಟರು: ಸಾಮಾನ್ಯ ಬದುಕಿಗೆ ರಾಕ್ಷಸ ಅಪಾಯ ಒಡ್ಡುತ್ತದೆ. ಹೀಗಾಗಿ ನೋಡಬೇಕಾದ್ದು ಮೂರು: ಸಾಮಾನ್ಯ ಬದುಕು, ರಾಕ್ಷಸ, ಇವೆರಡರ ನಡುವಿನ ನಂಟು. ಹೆಚ್ಚಿನವರು ಎರಡನೆಯದರಿಂದ ಶುರು ಮಾಡಿ ಮೊದಲನೆಯದನ್ನು ಒಂದು ಸಾಲಿನಲ್ಲಿ, ‘ಸುಖೀ ಕುಟುಂಬ’ ಎಂದು ಮುಗಿಸುತ್ತಾರೆ. ಕೆಡುವುದು ಅಲ್ಲೇ. ಚಿತ್ರ ಯಾವುದನ್ನು ಸಾಮಾನ್ಯ ಎಂದು ಒಪ್ಪಿಸುತ್ತಿದೆಯೋ ಅದರೊಳಗೇ ವಿಚಾರಧಾರೆ ಅಡಗಿರುತ್ತದೆ. ಅದಕ್ಕೇ ಒಂದು ಪೂರ್ತಿ ಪುಟ ಕೊಡಿ.

ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಅಮೆರಿಕದ ರಾಷ್ಟ್ರಗೀತೆ ಕೇಳುತ್ತದೆ. ಪರದೆಯ ಮೇಲೆ ಟಿವಿಯ ಚುಕ್ಕೆಗಳು ಎಷ್ಟು ಹತ್ತಿರದಿಂದ ಎಂದರೆ ಚಿತ್ರವೇ ಗೊತ್ತಾಗುವುದಿಲ್ಲ. ಲಿಂಕನ್ ಸ್ಮಾರಕ, ಎರಡನೇ ಮಹಾಯುದ್ಧದ ಇವೊ ಜಿಮಾ ಕದನದ ಸೈನಿಕರ ಪ್ರತಿಮೆ. ದಿನದ ಪ್ರಸಾರ ಮುಗಿಯುತ್ತದೆ, ಗಿಜಿಗಿಜಿ ಚುಕ್ಕೆ ಬರುತ್ತದೆ. ಅಪ್ಪ ಕುರ್ಚಿಯಲ್ಲೇ ನಿದ್ದೆ. ನಾಯಿ ಮಹಡಿ ಹತ್ತಿ ಒಂದೊಂದು ಕೋಣೆಗೂ ಹೊಕ್ಕು, ಸಿಕ್ಕ ತಿಂಡಿಗೆ ಮೂತಿ ಹಾಕುತ್ತದೆ. ಮನೆಮಂದಿಯ ಪರಿಚಯ ನಮಗಾಗುವುದು ಅದರ ಬೆನ್ನ ಹಿಂದೆ ಹೋಗಿಯೇ. ದೇಶದ ಹಾಡು ಮುಗಿದ ಮೇಲೆ ಉಳಿಯುವುದು ಖಾಲಿ ಪರದೆ, ಎಲ್ಲೆಡೆ ಬಿದ್ದ ತಿಂಡಿ, ಎಚ್ಚರ ಇಲ್ಲದ ದೊಡ್ಡವರು. ಆ ಖಾಲಿ ಪರದೆಗೆ ‘ಹಲೋ’ ಎನ್ನುವುದು ಚಿಕ್ಕ ಹುಡುಗಿ. ದೂರದರ್ಶನ ರಾತ್ರಿ ಪ್ರಸಾರ ಮುಗಿಸುತ್ತಿದ್ದ ಕಾಲ ನೆನಪಿರುವವರಿಗೆ ಈ ದೃಶ್ಯ ಥಟ್ಟನೆ ಹಿಡಿಯುತ್ತದೆ. ದಿನಪೂರ್ತಿ ಚಾನೆಲ್ ಓಡುವ ಕಾಲದಲ್ಲಿ ಹುಟ್ಟಿದವರಿಗೆ, ಟಿವಿಗೂ ಒಂದು ‘ಮಲಗುವ ಹೊತ್ತು’ ಇತ್ತು ಎಂದು ಮುಂಚೆ ಹೇಳಿಬಿಡಿ. ಇಲ್ಲವಾದರೆ ಸೆಟ್ಟು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಅದೇ ಪುಟಕ್ಕೆ ಮಲಗುವ ಕೋಣೆಯ ದೃಶ್ಯವನ್ನೂ ಸೇರಿಸಿ. ಡಯಾನ್ ಗಾಂಜಾ ಸುತ್ತುತ್ತಿರುತ್ತಾಳೆ, ಸ್ಟೀವ್ ಕೈಯಲ್ಲಿ ರೊನಾಲ್ಡ್ ರೇಗನ್ ಕುರಿತ ಪುಸ್ತಕ. ಅರವತ್ತರ ದಶಕದ ಹುಡುಗ ಹುಡುಗಿ ಎಂಬತ್ತರ ದಶಕಕ್ಕೆ ಕಾಲಿಟ್ಟದ್ದನ್ನು ಒಂದೇ ಹಾಸಿಗೆಯ ಮೇಲೆ ತೋರಿಸಿದ ಜಾಣ್ಮೆ ಇದು. ಇಲ್ಲಿ ಬೇಕಾದ ಹೊರಗಿನ ಮಾಹಿತಿ ಎರಡೇ: ರೇಗನ್ 1981ರ ಜನವರಿ 20ರಂದು ಅಧ್ಯಕ್ಷರಾದರು, ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 30 ವರ್ಷದ ಗೃಹಸಾಲದ ಬಡ್ಡಿ ಶೇ 18 ದಾಟಿತ್ತು. ಅಂಥ ಹೊತ್ತಿನಲ್ಲಿ ಮನೆ ಮಾರುವವನ ಮನೆಗೇ ದೆವ್ವ ಹೊಕ್ಕಿದೆ. ಇದಕ್ಕಿಂತ ಹೆಚ್ಚಿನ ಇತಿಹಾಸ ಬೇಡ. ಚಿತ್ರದೊಳಗಿನ ಒಂದು ವಸ್ತುವಿಗೆ ಅಂಟದ ಇತಿಹಾಸವನ್ನು ಕರಡಿನಿಂದ ತೆಗೆದುಹಾಕಿ, ಎಷ್ಟೇ ಸೊಗಸಾಗಿದ್ದರೂ.

ಹಕ್ಕಿಯ ಡಬ್ಬಿ

ಒಂದೇ ದೃಶ್ಯದ ಮೇಲೆ ಬರೆಯಲು ಜಾಗವಿದ್ದರೆ ಇದನ್ನು ಆರಿಸಿಕೊಳ್ಳಿ. ಮನೆಯ ಹಳದಿ ಹಕ್ಕಿ ಸಾಯುತ್ತದೆ. ಡಯಾನ್ ಅದನ್ನು ಕಮೋಡಿಗೆ ಹಾಕಿ ನೀರು ಬಿಡಲು ಹೊರಟಾಗ ಬಾಗಿಲಲ್ಲಿ ಮಗಳು ನಿಂತಿರುತ್ತಾಳೆ. ಆಮೇಲೆ ಸಿಗಾರ್ ಡಬ್ಬಿಯಲ್ಲಿ ಶವಸಂಸ್ಕಾರ: ಹಸಿವಾದರೆ ಇರಲಿ ಎಂದು ಮಿಠಾಯಿ, ಬೇಸರವಾದರೆ ಇರಲಿ ಎಂದು ಫೋಟೊ, ರಾತ್ರಿಗೆಂದು ಹೊದಿಕೆ. ರಾಬಿಯ ಪ್ರಶ್ನೆ, ಕೊಳೆತ ಮೇಲೆ ಅಗೆದು ಮೂಳೆ ನೋಡಬಹುದಾ? ಮಣ್ಣು ಮುಚ್ಚಿದ್ದೇ ತಡ ಕ್ಯಾರಲ್ ಆ್ಯನ್, ಈಗ ಗೋಲ್ಡ್‌ಫಿಶ್ ಕೊಡಿಸುತ್ತೀರಾ ಎನ್ನುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಈಜುಕೊಳಕ್ಕೆ ಬಂದ ಯಂತ್ರದ ಬಾಯಿಗೆ ಆ ಡಬ್ಬಿ ಸಿಕ್ಕು ಮೇಲೆ ಬರುತ್ತದೆ.

ಇದನ್ನು ನಾಲ್ಕು ಕಾಲಮಿನಲ್ಲಿ ಹಾಕಿ ನೋಡಿ. ಹೂಳಿದವಳು ಐದು ವರ್ಷದ ಹುಡುಗಿ. ಅಗೆದದ್ದು ಅಪ್ಪನ ದುಡ್ಡಿನ ಯಂತ್ರ. ಜಾಗ ಅವರದೇ ಹಿತ್ತಿಲು. ಕಂಪನಿ ಸ್ಮಶಾನಕ್ಕೆ ಮಾಡಿದ್ದನ್ನೇ ಫ್ರೀಲಿಂಗ್ ಕುಟುಂಬ ಹಿತ್ತಿಲಲ್ಲಿ ಅಂಗೈಯಗಲದಲ್ಲಿ ಮಾಡಿದೆ, ಅದೂ ಗೊತ್ತೇ ಇಲ್ಲದಂತೆ. ಗೋಲ್ಡ್‌ಫಿಶ್ ಬೇಡಿಕೆಯಂತೂ ಇನ್ನೂ ಚುರುಕು: ಹೋದದ್ದರ ಜಾಗಕ್ಕೆ ಅಂಗಡಿಯಿಂದ ಇನ್ನೊಂದು ತಂದರಾಯಿತು. ಇಡೀ ಚಿತ್ರದಲ್ಲಿ ಕಥೆಯೊಳಗೆ ನಡೆಯುವ ಸಾವು ಎಂದರೆ ಈ ಹಕ್ಕಿಯದೊಂದೇ, ಮನುಷ್ಯರು ಒಬ್ಬರೂ ಸಾಯುವುದಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಗುಡ್ಡದ ಮೇಲಿನ ಮಾತು

ಸ್ಟೀವ್‌ನ ಮೇಲಧಿಕಾರಿ ಟೀಗ್ ಅವನನ್ನು ಗುಡ್ಡಕ್ಕೆ ಕರೆದೊಯ್ಯುತ್ತಾನೆ. ಇಲ್ಲಿ ಹೊಸ ಬಡಾವಣೆ ಬರುತ್ತದೆ, ಈ ನೋಟ ನಿನ್ನ ಕಿಟಕಿಗೇ ಸಿಗುತ್ತದೆ ಎಂದು ಆಸೆ ತೋರಿಸುತ್ತಾನೆ. ಪಕ್ಕದಲ್ಲಿ ಸ್ಮಶಾನ ಇದೆ ಎಂದು ಕ್ಯಾಮೆರಾ ತಡವಾಗಿ ತೋರಿಸುತ್ತದೆ. ಸ್ಟೀವ್ ತಡವರಿಸಿದಾಗ ಟೀಗ್ ಕೊಡುವ ಸಮಾಧಾನ, ಇದೇನು ಪುರಾತನ ಬುಡಕಟ್ಟಿನವರ ಸಮಾಧಿ ಅಲ್ಲ, ಬರೀ ಜನ; ಹಿಂದೆಯೂ ಮಾಡಿದ್ದೇವೆ, ’76ರಲ್ಲಿ, ಅಗೋ ಅಲ್ಲಿ ಕೆಳಗೆ.

ಪ್ರಬಂಧಗಳು ಸಾಲುಸಾಲಾಗಿ ಜಾರಿ ಬೀಳುವ ಕಡೆ ಇದು. ‘ರೆಡ್ ಇಂಡಿಯನ್ನರ ಸ್ಮಶಾನದ ಮೇಲೆ ಕಟ್ಟಿದ ಮನೆಯ ಕಥೆ’ ಎಂದು ನೆನಪಿನಿಂದ ಬರೆದುಬಿಡುತ್ತಾರೆ. 1980ರ ‘ದಿ ಶೈನಿಂಗ್’ ಚಿತ್ರದ ಹೋಟೆಲು ಅಂಥ ಜಾಗದ ಮೇಲಿದೆ ಎಂಬ ಮಾತು ಬರುತ್ತದೆ ನಿಜ, ಆದರೆ ಇಲ್ಲಿ ಪಾತ್ರವೇ ಬಾಯಿಬಿಟ್ಟು ಅಲ್ಲ ಎನ್ನುತ್ತದೆ. ಆ ‘ಅಲ್ಲ’ವೇ ಮುಖ್ಯ. ಹೂತಿದ್ದವರು ಸ್ಟೀವ್‌ನಂಥವರೇ, ಅವನ ಅಜ್ಜ ಮುತ್ತಜ್ಜರ ಕಾಲದವರು. ‘ಬರೀ ಜನ’ ಎಂಬ ಎರಡು ಪದ ಹಿಡಿದು ಒಂದು ಪ್ಯಾರಾ ಬರೆಯಬಹುದು: ಕಂಪನಿಯ ಲೆಕ್ಕದಲ್ಲಿ ಸತ್ತವರು ವೆಚ್ಚದ ಒಂದು ಬಾಬ್ತು. ಕಲ್ಲು ಸಾಗಿಸುವುದು ಅಗ್ಗ, ಹೆಣ ತೆಗೆಯುವುದು ದುಬಾರಿ.

ಹಾಗೆಂದು ಆ ನೆಲದಲ್ಲಿ ಮೊದಲಿದ್ದವರ ವಿಷಯ ಚಿತ್ರದಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ. ಲೇಔಟಿನ ಬೋರ್ಡು ನೋಡಿ. ಕ್ವೆಸ್ಟಾ ವೆರ್ಡೆ ಸ್ಪ್ಯಾನಿಷ್ ಹೆಸರು, ಹಸಿರು ಇಳಿಜಾರು ಎಂದರ್ಥ. 1848ರವರೆಗೆ ಕ್ಯಾಲಿಫೋರ್ನಿಯಾ ಮೆಕ್ಸಿಕೊದ್ದಾಗಿತ್ತು. ಸ್ಮಶಾನದಲ್ಲಿ ಕಲ್ಲು ಹೋಗಿ ಹೆಣ ಉಳಿಯಿತು. ಬೋರ್ಡಿನಲ್ಲಿ ಜನ ಹೋಗಿ ಹೆಸರು ಉಳಿಯಿತು. ಇದು ಚಿತ್ರ ತಾನಾಗಿ ಹೇಳುವ ಮಾತಲ್ಲ, ನೀವು ಓದಿ ಹೇಳುವ ಮಾತು. ಬರೆಯುವಾಗ ಆ ವ್ಯತ್ಯಾಸ ಕಾಣಲಿ. ’76 ಕೂಡ ಹಾಗೆಯೇ. 1976 ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷ, ಚಿತ್ರ ಶುರುವಾಗುವುದು ರಾಷ್ಟ್ರಗೀತೆಯಿಂದ. ಎರಡನ್ನೂ ಅಕ್ಕಪಕ್ಕ ಇಡಬಹುದು. ‘ನಿರ್ದೇಶಕರು ಬೇಕೆಂದೇ ಇಟ್ಟಿದ್ದಾರೆ’ ಎಂದು ಬರೆದ ಕ್ಷಣ ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮ ತಲೆಗೆ.

ಯಾರ ಮೇಲೆ ಸಿಟ್ಟು, ಯಾರಿಗೆ ಮಾಫಿ

ಕೊನೆಯಲ್ಲಿ ಶವಪೆಟ್ಟಿಗೆಗಳು ನೆಲ ಸೀಳಿ ಮೇಲೇಳುತ್ತವೆ. ಸ್ಟೀವ್ ಟೀಗ್‌ನ ಕೊರಳಪಟ್ಟಿ ಹಿಡಿದು ಕಿರುಚುತ್ತಾನೆ: ಸ್ಮಶಾನ ಸರಿಸಿದೆ, ಹೆಣ ಬಿಟ್ಟೆ, ಬರೀ ಕಲ್ಲು ಸರಿಸಿದೆ, ಯಾಕೆ? ಆ ಮಾತಿನ ಸರ್ವನಾಮಕ್ಕೆ ಗೆರೆ ಎಳೆಯಿರಿ. ಎಲ್ಲವೂ ‘ನೀನು’. ಆದರೆ ಆ ಲೇಔಟಿನ ಮನೆಗಳನ್ನು ಬೇರೆಯವರಿಗೆ ನಗುನಗುತ್ತ ತೋರಿಸಿ ಮಾರಿದ್ದು ಸ್ಟೀವ್. ಗುಡ್ಡದ ಮೇಲೆ ವಿಷಯ ತಿಳಿದ ದಿನವೂ ಅವನು ಅಕ್ಕಪಕ್ಕದ ಬಾಗಿಲು ತಟ್ಟಿ ಎಚ್ಚರಿಸುವುದಿಲ್ಲ. ಚಿತ್ರ ಕಂಪನಿಯ ದುರಾಸೆಗೆ ಬೆರಳು ತೋರಿಸುತ್ತದೆ, ಮಾರಾಟಗಾರನನ್ನು ಬಲಿಪಶುವಿನ ಸಾಲಿನಲ್ಲಿ ಕೂರಿಸಿ ಕಾಪಾಡುತ್ತದೆ. ವ್ಯವಸ್ಥೆ ಹಾಗೇ ಇರುತ್ತದೆ, ಒಬ್ಬ ಕೆಟ್ಟ ಮೇಲಧಿಕಾರಿ ಸಿಕ್ಕಿಬೀಳುತ್ತಾನೆ. ಫ್ರೀಲಿಂಗ್‌ಗಳು ಕಾರು ಹತ್ತಿ ಹಾಲಿಡೇ ಇನ್ ಸೇರುತ್ತಾರೆ, ನೆರೆಯವರ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಬರಹದ ಮುಖ್ಯ ವಾದ ಇಲ್ಲಿ ನಿಲ್ಲಲಿ ಎಂಬುದು ಈ ಮಾರ್ಗದರ್ಶಿಯ ಪಕ್ಷಪಾತ: ‘ಪೋಲ್ಟರ್‌ಗೈಸ್ಟ್’ ಬಂಡವಾಳವನ್ನು ಬೈಯುವ ಚಿತ್ರ ಎಂದರೆ ಅರ್ಧ ಸತ್ಯ. ಬೈಯುತ್ತಲೇ ಅದರಿಂದ ಉಂಡ ಕುಟುಂಬವನ್ನು ತೊಳೆದು ಒಳಗಿಡುವ ಚಿತ್ರ.

ಆ ತೊಳೆಯುವ ಕೆಲಸ ಅಮ್ಮನ ಪಾಲಿಗೆ ಬಂದಿದೆ. ಆತ್ಮಗಳ ಜೊತೆ ಮಾತಾಡಬಲ್ಲ ಟ್ಯಾಂಜಿನಾ ಬಂದಾಗ ಕಪಾಟಿನೊಳಗೆ ಹೋಗುವವಳು ಡಯಾನ್, ಹೊರಗೆ ನಿಂತು ಹಗ್ಗ ಹಿಡಿಯುವವನು ಸ್ಟೀವ್. ತಾಯಿ ಮಗು ಇಬ್ಬರೂ ಕೆಳಗಿನ ಹಾಲಿನ ಚಾವಣಿಯಿಂದ ಲೋಳೆ ಮೆತ್ತಿಕೊಂಡು ಬಿದ್ದಾಗ ಅದು ಎರಡನೇ ಹೆರಿಗೆ ಎಂದು ಯಾರಿಗಾದರೂ ಹೊಳೆಯುತ್ತದೆ, ಅದನ್ನೇ ಎರಡು ಪುಟ ಹಿಗ್ಗಿಸಬೇಡಿ. ಕೇಳಬೇಕಾದ ಪ್ರಶ್ನೆ, ಅಪ್ಪನಿಗೆ ಏನು ಕೆಲಸ ಕೊಟ್ಟರು? ಮಗು ಉತ್ತರಿಸದಿದ್ದಾಗ ಗದರುವ ಕೆಲಸ. ಅಮ್ಮನದು ಕರೆಯುವ ದನಿ, ಅಪ್ಪನದು ಹೆದರಿಸುವ ದನಿ. ಆರಂಭದಲ್ಲಿ ಗಾಂಜಾ ಸುತ್ತುತ್ತಿದ್ದ ಸಡಿಲ ಸಂಸಾರ ಆಪತ್ತು ಬಂದಾಗ ಹಳೆಯ ಅಚ್ಚಿಗೇ ಮರಳುತ್ತದೆ. ವಿರುದ್ಧ ಸಾಕ್ಷಿಯನ್ನೂ ಪಕ್ಕದಲ್ಲಿ ಬರೆಯಿರಿ: ಸಂಶೋಧಕಿ ಡಾ. ಲೆಶ್, ಟ್ಯಾಂಜಿನಾ, ಡಯಾನ್, ಬಿಕ್ಕಟ್ಟನ್ನು ಅರ್ಥಮಾಡಿಕೊಳ್ಳುವವರೆಲ್ಲ ಹೆಂಗಸರು. 1973ರ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಮಗುವನ್ನು ಬಿಡಿಸಲು ಪಾದ್ರಿಗಳು ಬರುತ್ತಾರೆ. ಇಲ್ಲಿ ಚರ್ಚಿನ ಸುಳಿವೇ ಇಲ್ಲ. ವಿಶ್ವವಿದ್ಯಾಲಯದವರು ಕ್ಯಾಮೆರಾ, ಟೇಪು ಹೊತ್ತು ತರುತ್ತಾರೆ.

ದಾರಿ ತಪ್ಪುವ ಇನ್ನಷ್ಟು ಕಡೆ

‘ಟಿವಿ ಕೆಟ್ಟದ್ದು’ ಎಂಬ ಒಂದು ಸಾಲಿನ ತೀರ್ಮಾನ. ಕೊನೆಯಲ್ಲಿ ಸ್ಟೀವ್ ಹೋಟೆಲ್ ಕೋಣೆಯ ಟಿವಿಯನ್ನು ಹೊರಗೆ ತಳ್ಳುವುದು ಪ್ರಸಿದ್ಧ, ಆದರೆ ಮಗು ಕಳೆದಾಗ ಅದರ ದನಿ ಕೇಳಿಸುವುದೂ ಅದೇ ಟಿವಿಯಿಂದ. ಎರಡನ್ನೂ ಹೇಳಿ.

ನಿರ್ದೇಶಿಸಿದ್ದು ನಿಜಕ್ಕೂ ಟೋಬಿ ಹೂಪರೋ, ಕಥೆ ಬರೆದು ನಿರ್ಮಿಸಿದ ಸ್ಪೀಲ್‌ಬರ್ಗೋ ಎಂಬ ಜಗಳ 40 ವರ್ಷ ದಾಟಿದೆ. ಒಂದು ವಾಕ್ಯ ಸಾಕು. ನಟರ ಅಕಾಲ ಮರಣಕ್ಕೆ ಹೆಣೆದ ‘ಶಾಪ’ದ ಕಥೆಗಳಿಗೆ ಅದೂ ಬೇಡ, ಚಿತ್ರದ ವಿಚಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಜುಕೊಳದ ದೃಶ್ಯದಲ್ಲಿ ಬಳಸಿದ್ದು ನಿಜವಾದ ಅಸ್ಥಿಪಂಜರ ಎಂದು ಡಯಾನ್ ಪಾತ್ರದ ನಟಿ ಜೋಬೆತ್ ವಿಲಿಯಮ್ಸ್ ಹೇಳಿದ್ದಾರೆ. ಹೆಣಕ್ಕೆ ಬೆಲೆ ಕೊಡದ ಕಂಪನಿಯ ಕಥೆ ಹೇಳುವ ಚಿತ್ರವೇ ಹೀಗೆ ಮಾಡಿತು ಎಂಬ ವ್ಯಂಗ್ಯವನ್ನು ಬಳಸಿಕೊಳ್ಳಿ. ಆಗ ಪಾಶ್ಚಾತ್ಯ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರ ಒದಗಿಸುತ್ತಿದ್ದ ಮುಖ್ಯ ದೇಶ ಭಾರತ. 1985ರಲ್ಲಿ ಸರ್ಕಾರ ಆ ರಫ್ತು ನಿಷೇಧಿಸಿತು. ಇಷ್ಟು ಓದಿದವರ ಕೈ ‘ಹಾಗಾದರೆ ಅವು ನಮ್ಮವರ ಮೂಳೆ’ ಎಂದು ಬರೆಯಲು ತುರಿಸುತ್ತದೆ. ಎರಡು ಸತ್ಯಗಳ ನಡುವೆ ಸೇತುವೆ ಇಲ್ಲದಿದ್ದಾಗ ಎರಡನ್ನೂ ಬೇರೆಬೇರೆಯಾಗಿಯೇ ಬಿಡಿ.

ಬೆಂಗಳೂರಿನವರಿಗೆ ಇನ್ನೊಂದು ಆಸೆ: ‘ಇದು ನಮ್ಮ ಕೆರೆ ಮುಚ್ಚಿ ಕಟ್ಟಿದ ಲೇಔಟಿನ ಕಥೆಯೇ.’ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದ ಊರಿನಲ್ಲಿ ಹೋಲಿಕೆ ಹೊಳೆಯದೆ ಇರುವುದೇ ಕಷ್ಟ. ಹೋಲಿಸಿ, ಆದರೆ ವ್ಯತ್ಯಾಸ ಹೇಳಿ. ಕೆರೆ ಬದುಕಿರುವವರ ನೀರು, ಊರಿನದು. ಅದು ತಿರುಗಿ ಬರುವುದು ಮಳೆಗಾಲದಲ್ಲಿ, ಎಲ್ಲರ ಮನೆಗೂ. ಚಿತ್ರದ ಸತ್ತವರು ಹುಡುಕಿಕೊಂಡು ಬರುವುದು ಹೆಚ್ಚಾಗಿ ಒಂದೇ ಮನೆಗೆ.

ಮುಂದಿನ ಚಿತ್ರಗಳನ್ನು ಹೋಲಿಕೆಗೆ ಇಟ್ಟುಕೊಳ್ಳುವುದಾದರೆ ಒಂದು ಪ್ಯಾರಾದಲ್ಲಿ ಮುಗಿಸಿ. 1986ರ ಎರಡನೇ ಭಾಗದಲ್ಲಿ ಕೇಡಿನ ಮೂಲ ಕೇನ್ ಎಂಬ ಪಂಥದ ಪಾದ್ರಿಯಾಗುತ್ತಾನೆ. ಕಂಪನಿಯ ಮೇಲಿದ್ದ ಗೂಬೆ ಮತಾಂಧನ ಹೆಗಲಿಗೆ ಹಾರಿತು. 2015ರ ಮರುನಿರ್ಮಾಣದಲ್ಲಿ ಅಪ್ಪ ಕೆಲಸ ಕಳೆದುಕೊಂಡವನು, ಮನೆ ಕೈಗೆಟುಕುವ ಬೆಲೆಯದ್ದು. ಮಾರುವವನ ಜಾಗಕ್ಕೆ ಕೊಳ್ಳುವವನು ಬಂದ ಮೇಲೆ ಪಾಪದ ಪ್ರಶ್ನೆ ಸದ್ದಿಲ್ಲದೆ ಮಾಯ.

ಬರೆಯುವಾಗ

1,500 ಪದದ ಪ್ರಬಂಧಕ್ಕೆ ಮೂರು ದೃಶ್ಯ ಸಾಕು. ಕಥಾಸಾರ 150 ಪದ ದಾಟದಿರಲಿ. ಪ್ರತಿ ವಾದಕ್ಕೂ ಮೂರರಲ್ಲಿ ಎರಡು ಸಾಕ್ಷಿ ಇರಲಿ: ವಸ್ತು ಅಥವಾ ಕ್ರಿಯೆ, ಮಾತು, ಕ್ಯಾಮೆರಾ. ಒಂದೇ ಸಾಕ್ಷಿ ಇದ್ದರೆ ‘ಸೂಚಿಸುತ್ತದೆ’ ಎನ್ನಿ, ಎರಡಿದ್ದರೆ ‘ಹೇಳುತ್ತದೆ’ ಎನ್ನಿ. ದಮನ, ಪಿತೃಪ್ರಧಾನತೆ, ಗ್ರಾಹಕ ಸಂಸ್ಕೃತಿಯಂಥ ಭಾರದ ಪದ ಬಂದ ಕಡೆ ಮುಂದಿನ ವಾಕ್ಯದಲ್ಲೇ ಕೈಗೆ ಸಿಗುವ ವಸ್ತುವೊಂದು ಬರಬೇಕು. ಬರದಿದ್ದರೆ ಆ ಪದವನ್ನು ಹೊಡೆದುಹಾಕಿ. ಕರಡು ಮುಗಿದ ಮೇಲೆ ‘ದೆವ್ವ’, ‘ಆತ್ಮ’ ಎಂಬ ಪದಗಳನ್ನೆಲ್ಲ ಮುಚ್ಚಿ ಓದಿ. ವಾದ ಕುಸಿದರೆ ನೀವು ಬರೆದದ್ದು ಕಥಾಸಾರ.

ಚರ್ಚೆ ನಡೆಸುವವರು ಇಡೀ ಚಿತ್ರ ತೋರಿಸಿದ ಬೆನ್ನಿಗೇ ಅಭಿಪ್ರಾಯ ಕೇಳಬೇಡಿ, ಆಗ ಬರುವುದು ಜೋಕರ್ ಗೊಂಬೆಯ ಮಾತೊಂದೇ. ಹತ್ತು ನಿಮಿಷ ಚಹಾಕ್ಕೆ ಬಿಡಿ. ಆಮೇಲೆ ಈಜುಕೊಳ ಅಗೆಯುವ ದೃಶ್ಯವನ್ನು ಧ್ವನಿಯಿಲ್ಲದೆ ಹಾಕಿ, ಡಬ್ಬಿ ಮೇಲೆ ಬಂದ ಕಡೆ ನಿಲ್ಲಿಸಿ, ಈ ಅಗೆತಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಕೇಳಿ.